ಹಕ್ಕಿ ಕರೆಯುವವನ ಕಾರಣ

ಹೊಳೆಯ ದಂಡೆ, ಹುಣಸೆ ತೋಪು, ತೋಪಿನೊಳಗೊಂದು ಮಣ್ಣಿನ ಗುಡಿಸಲು. ಅಲ್ಲಿದ್ದ ಮುದುಕನ ಹೆಸರು ಯಾರಿಗೂ ಗೊತ್ತಿರಲಿಲ್ಲ. ತೋಪಿನಯ್ಯ ಅನ್ನುತ್ತಿದ್ದರು.

ಒಂದು ಬೆಳಗ್ಗೆ ಸಣ್ಣೀರ ಎಂಬುವನು ಬಂದು ಕಾಲಿಗೆ ಬಿದ್ದ. ಹಕ್ಕಿ ಹಿಡಿಯುವ ಹಟ್ಟಿಯವನು. ಪೊದೆಯ ಮರೆಯಲ್ಲಿ ಕೂತು, ಬಾಯಿಗೆ ಕೈ ಗೂಡಿಸಿ ಗೌಜಲಕ್ಕಿಯ ದನಿಯಲ್ಲಿ ಕೂಗಿದನೆಂದರೆ, ಗುಡ್ಡದಾಚೆಯ ಹಕ್ಕಿಯೂ ಓಗೊಟ್ಟು ನಡೆದುಕೊಂಡು ಬಂದು ಬಲೆಯೊಳಗೆ ನಿಲ್ಲುತ್ತಿತ್ತು. ಅಪ್ಪ ಕಲಿಸಿದ ವಿದ್ಯೆ. ಅಣ್ಣ ದೊಡ್ಡೀರನಿಗೆ ಅದು ಒಲಿಯಲಿಲ್ಲ. ಅವನದು ಬಲೆಯ ಹಗ್ಗ ಎಳೆಯುವ ಕೆಲಸ.

"ಏನು ಬೇಕಪ್ಪ?"

"ಒಂದು ಕಾರಣ ಬೇಕು ಬುದ್ಧಿ."

ವಿಷಯ ಇಷ್ಟು. ಮೂರು ತಿಂಗಳಿಂದ ಸಣ್ಣೀರ ಬಾಡೂಟ ಬಿಟ್ಟಿದ್ದ. ಹಕ್ಕಿ ಕರೆಯುವುದನ್ನೂ ಬಿಟ್ಟಿದ್ದ. ಯಾಕೆ ಅಂತ ಕೇಳಿದರೆ ಬಾಯಿ ಕಟ್ಟುತ್ತಿತ್ತು. ಮೊದಮೊದಲು ಹಟ್ಟಿಯವರು ನಗಾಡಿದರು. ಯಾವ ಮಠಕ್ಕೆ ಸ್ವಾಮಿಯಾಗ್ತೀಯೋ ಅಂದರು. ಅತ್ತಿಗೆಯಂದಿರು ಅವನನ್ನು ಕಂಡರೆ ಸೊಪ್ಪಿನ ಕಟ್ಟು ಎತ್ತಿ ತೋರಿಸಿದರು.

ಆಮೇಲೆ ನಗು ನಿಂತಿತು. ದೊಡ್ಡೀರನ ಮಗಳಿಗೆ ಮದುವೆ ಗೊತ್ತಾಯಿತು. ಬೀಗರ ಎಲೆಗೆ ಗೌಜಲಕ್ಕಿ ಬೀಳದೆ ಆ ಹಟ್ಟಿಯಲ್ಲಿ ಮದುವೆಯೇ ಇಲ್ಲ. ಹಿರೀಕರು ಕೂತು ತೀರ್ಮಾನ ಹೇಳಿದರು: ಹುಣ್ಣಿಮೆಯೊಳಗೆ ಸರಿಯಾದ ಕಾರಣ ಹೇಳಬೇಕು, ಇಲ್ಲ ಹಕ್ಕಿ ಕರೆಯಬೇಕು. ಎರಡೂ ಆಗದಿದ್ದರೆ ಕುಲದಿಂದ ಹೊರಗೆ. ಮದುವೆ ಚಪ್ಪರದೊಳಗೆ ಕಾಲಿಡುವ ಹಾಗಿಲ್ಲ.

"ಆ ಕೂಸನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ್ದೀನಿ ಬುದ್ಧಿ," ಅಂದ ಸಣ್ಣೀರ. "ನೀವು ತಿಳಿದವರು. ನೀವೂ ತಿನ್ನಲ್ಲ. ನಿಮ್ಮ ಕಾರಣವನ್ನೇ ಕೊಡಿ, ಹೇಳಿಬಿಡ್ತೀನಿ."

ತೋಪಿನಯ್ಯ ತಲೆ ಕೆರೆದುಕೊಂಡ.

"ನಮ್ಮವ್ವ ಮಾಡ್ತಿರಲಿಲ್ಲ, ನಾನು ತಿನ್ನಲಿಲ್ಲ. ನನ್ನ ಹತ್ತಿರ ಇರೋದು ಇಷ್ಟೇ."

ಸಣ್ಣೀರನ ಮುಖ ಇಳಿಯಿತು.

"ಹುಣ್ಣಿಮೆ ಇನ್ನೂ ದೂರ ಇದೆ," ಅಂದ ತೋಪಿನಯ್ಯ. "ಇರು. ನೀರು ಹೊತ್ತು ಹಾಕು."

ಸಣ್ಣೀರ ಉಳಿದ. ನೀರು ಹೊತ್ತ, ಹುಣಸೆ ತರಗು ಗುಡಿಸಿದ. ಹೊಳೆ ದಾಟುವವರನ್ನೆಲ್ಲ ನಿಲ್ಲಿಸಿ ಕೇಳಿದ. ಮೂರನೆಯ ದಿನ ಓಡಿ ಬಂದ.

"ಸಿಕ್ಕಿತು ಬುದ್ಧಿ. ಪಾಪ ಸುತ್ತಿಕೊಳ್ಳುತ್ತೆ. ಅದಕ್ಕೇ ಬಿಟ್ಟೆ."

"ಯಾರು ಹೇಳಿದರು?"

"ಈಗ ದಾಟಿ ಹೋದನಲ್ಲ, ದಾಸಯ್ಯ."

"ಹಾಗಾದರೆ ಅದು ದಾಸಯ್ಯನದು. ವಾಪಸ್ ಕೊಟ್ಟು ಬಾ."

ಸಣ್ಣೀರ ನಿಜಕ್ಕೂ ಹೊಳೆಯಾಚೆ ಹೋಗಿ ದಾಸಯ್ಯನನ್ನು ಹುಡುಕಿದ. ಸಂಜೆಗೆ ಸುಸ್ತಾಗಿ ಬಂದು, ಸಿಗಲಿಲ್ಲ ಅಂದ.

ಮತ್ತೊಂದು ದಿನ ನಾಟಿ ವೈದ್ಯನೊಬ್ಬ ಹೇಳಿದ್ದನ್ನು ಹಿಡಿದುಕೊಂಡು ಬಂದ. ಬಾಡು ಹೊಟ್ಟೆಗೆ ಉಷ್ಣ ಅಂತ. ನಿನ್ನ ಹೊಟ್ಟೆ ಯಾವತ್ತಾದರೂ ನೊಂದಿತ್ತಾ ಅಂತ ತೋಪಿನಯ್ಯ ಕೇಳಿದ. ಕಲ್ಲು ತಿಂದರೂ ಅರಗುತ್ತಿತ್ತು ಅಂತ ಒಪ್ಪಿಕೊಂಡು ಸಣ್ಣೀರ ತಾನೇ ನಕ್ಕ.

ಹುಣ್ಣಿಮೆಗೆ ಎರಡು ದಿನ ಇತ್ತು. ಸಣ್ಣೀರ ಕೊಡ ಇಳಿಸಿ ಅಲ್ಲೇ ಕುಕ್ಕರಿಸಿದ.

"ನನ್ನ ಹತ್ತಿರ ಕಾರಣವೇ ಇಲ್ಲ ಬುದ್ಧಿ."

"ಬೇಡ ಬಿಡು. ಬಿಟ್ಟ ದಿನ ಏನಾಯ್ತು, ಅದನ್ನ ಹೇಳು."

"ಏನೂ ಆಗಲಿಲ್ಲ. ಅದೇ ಆಗಿದ್ದು."

ಆಮೇಲೆ ನಿಧಾನಕ್ಕೆ ಹೇಳಿದ. ಹಿಂದಿನ ದಿನ ಹಟ್ಟಿಯ ಹಿಂದಿನ ಗುಡ್ಡದಲ್ಲಿ ಎರಡು ಬುಟ್ಟಿ ಹಕ್ಕಿ ಬಲೆಗೆ ಬಿದ್ದಿದ್ದವು. ಎಲ್ಲರೂ ಹೊಟ್ಟೆ ತುಂಬ ತಿಂದರು, ಇವನೂ ತಿಂದ. ಬೆಳಗ್ಗೆ ಎದ್ದು, ಬೇವಿನಕಡ್ಡಿ ಕಚ್ಚಿಕೊಂಡು ಅಂಗಳದಲ್ಲಿ ಕೂತವನು, ಸುಮ್ಮನೆ ಒಂದು ಸಲ ಕೂಗಿದ. ಹಿಡಿಯಲಿಕ್ಕಲ್ಲ. ಚಿಕ್ಕಂದಿನಿಂದ ದಿನಾ ಹಾಗೆ ಕೂಗುವ ರೂಢಿ. ದಿನಾ ಗುಡ್ಡದಿಂದ ಯಾವುದೋ ಒಂದು ಓಗೊಡುತ್ತಿತ್ತು. ಅವತ್ತು ಯಾವುದೂ ಓಗೊಡಲಿಲ್ಲ. ಮತ್ತೆ ಕೂಗಿದ. ಗುಡ್ಡ ಸುಮ್ಮನಿತ್ತು. ಆಮೇಲೆ ಅತ್ತಿಗೆ ರಾತ್ರಿಯ ಸಾರು ಬಿಸಿ ಮಾಡಿ ಮುಂದಿಟ್ಟಳು. ಕೈ ಹೋಗಲಿಲ್ಲ.

"ಇದನ್ನ ಹಿರೀಕರ ಮುಂದೆ ಹೇಳೋಕಾಗುತ್ತಾ? ನಗ್ತಾರೆ."

ತೋಪಿನಯ್ಯ ನಗಲಿಲ್ಲ. ಎದ್ದು, ಕೊಡ ಎತ್ತಿಕೊಂಡು, ತಾನೇ ಹೊಳೆಗೆ ಹೋದ. ಅವತ್ತು ಸಣ್ಣೀರನಿಗೆ ನೀರು ಹೊರಲು ಬಿಡಲಿಲ್ಲ.

ಹುಣ್ಣಿಮೆಯ ದಿನ ಹೊತ್ತು ಮೂಡುವ ಮೊದಲೇ ದೊಡ್ಡೀರ ಬಂದ. ಹೆಗಲ ಮೇಲೆ ಬಲೆ.

"ಕಾರಣ ಸಿಕ್ಕಿತೇನೋ ಸಣ್ಣ?"

"ಇಲ್ಲಣ್ಣ."

"ಹಾಗಾದರೆ ಕೂತು ಕರಿ. ನಮ್ಮ ಗುಡ್ಡ ಬರಿದಾಗಿದೆ. ಈ ಹೊಳೆಯಾಚೆ ಕುರುಚಲಿನಲ್ಲಿ ಇದ್ದರೆ ಇದ್ದಾವು." ದೊಡ್ಡೀರ ಬೇರೆ ಕಡೆ ಮುಖ ಮಾಡಿದ. "ನಿನ್ನ ಹೊರಗೆ ನಿಲ್ಲಿಸಿ ನನ್ನ ಮಗಳ ಧಾರೆ ಎರೆಯೋಕೆ ನನ್ನ ಕೈಲಾಗಲ್ಲ ಕಣೋ."

ಸಣ್ಣೀರ ಗುರುವಿನ ಕಡೆ ನೋಡಿದ.

"ಕರಿ," ಅಂದ ತೋಪಿನಯ್ಯ.

"ಬುದ್ಧಿ, ನೀವೇ ಹೀಗಂದರೆ?"

"ಕರಿ."

ತೋಪಿನ ಅಂಚಿನಲ್ಲಿ ದೊಡ್ಡೀರ ಬಲೆ ಹರಡಿದ. ಹಗ್ಗದ ತುದಿ ಹಿಡಿದು ಪೊದೆಯ ಹಿಂದೆ ಕೂತ. ಸಣ್ಣೀರ ಅವನ ಪಕ್ಕದಲ್ಲಿ ಮಂಡಿಯೂರಿ ಬಾಯಿಗೆ ಕೈ ಗೂಡಿಸಿದ.

ಕರೆದ. ಹೊಳೆಯ ಸದ್ದು ಬಿಟ್ಟರೆ ಏನಿಲ್ಲ.

ಮತ್ತೆ ಕರೆದ. ಈ ಕುರುಚಲೂ ಬರಿದಾಯಿತೆ ಅನ್ನಿಸಿ ಅವನ ಕಣ್ಣು ತುಂಬಿತು. ಬಲೆಯನ್ನು ಮರೆತ, ಮದುವೆಯನ್ನು ಮರೆತ. ಒಂದಾದರೂ ಇರು ಅಂತ ಬೇಡುವವನ ಹಾಗೆ ಇನ್ನೊಮ್ಮೆ ಕರೆದ.

ಹೊಳೆಯಾಚೆಯಿಂದ, ತೆಳ್ಳಗೆ, ಒಂದು ದನಿ ಓಗೊಟ್ಟಿತು.

ಕರೆದ. ದನಿ ಹತ್ತಿರವಾಯಿತು. ನೀರಿನ ಮೇಲೆ ರೆಕ್ಕೆ ಬಡಿದ ಸದ್ದು ಕೇಳಿಸಿತು. ಉಳಿದ ದಾರಿಯನ್ನು ಅದು ನಡೆದೇ ಬಂತು. ಪೊದೆ ಸರಿಸಿ, ಬಲೆಯ ನಡುವೆ, ಸಣ್ಣೀರನಿಂದ ಮೊಳ ದೂರದಲ್ಲಿ ನಿಂತು ಕತ್ತು ನೀಡಿತು. ಎದೆಯ ಗರಿಯ ಮೇಲೆ ಇಬ್ಬನಿ. ಒಂದು ಕಾಲಿಗೆ ಹಳೆಯ ದಾರದ ತುಂಡು ಸುತ್ತಿಕೊಂಡಿತ್ತು.

ದೊಡ್ಡೀರ ಆ ದಾರ ನೋಡಿದ. ತಂಗಡಿ ಗಿಡದ ತೊಗಟೆಯಲ್ಲಿ ಬಣ್ಣ ಕಟ್ಟಿದ್ದು. ತಾನೇ ಹೊಸೆದದ್ದು. ಯಾವತ್ತೋ ಈ ಬಲೆಯನ್ನೇ ಹರಿದುಕೊಂಡು ಹೋದ ಹಕ್ಕಿ.

ಬಲೆ ಗೊತ್ತಿತ್ತು ಅದಕ್ಕೆ. ಆದರೂ ಬಂದಿತ್ತು.

ತೋಪಿನಯ್ಯ ಹಿಂದಿನಿಂದ ಮೆಲ್ಲಗೆ ಅಂದ:

"ಕರೆದವನು ನೀನು. ಬಂದಿದೆ. ಮಾತಾಡಿಸು."

ಸಣ್ಣೀರ ಬಾಯಿಂದ ಕೈ ಇಳಿಸಿದ.

"ನನಗೆ ಬಾ ಅನ್ನೋದೊಂದೇ ಬರೋದು ಬುದ್ಧಿ."

ಹಕ್ಕಿ ಅವನನ್ನೇ ನೋಡುತ್ತ ನಿಂತಿತ್ತು. ಹುಣಸೆಯ ತುದಿಗೆ ಬಿಸಿಲು ಹತ್ತಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಆಮೇಲೆ ಅಣ್ಣತಮ್ಮಂದಿರ ನಡುವಿನ ಸಂದಿಯಲ್ಲೇ ನಡೆದು ತೋಪಿನೊಳಗೆ ಹೋಯಿತು.

ದೊಡ್ಡೀರನ ಕೈಯಲ್ಲಿ ಹಗ್ಗ ಹಿಡಿದ ಹಾಗೇ ಇತ್ತು.

ಬಲೆ ಸುತ್ತಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಸುತ್ತಿ, ಹೆಗಲಿಗೇರಿಸಿ, ತಮ್ಮನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ತೋಪಿನಯ್ಯನ ಮುಂದೆ ಬಂದು ನಿಂತ.

"ಹಿರೀಕರಿಗೆ ನಾನೇ ಹೇಳ್ತೀನಿ ಬುದ್ಧಿ. ಆದರೆ ಏನಂತ ಹೇಳಲಿ?"

"ನೀನು ಏನು ನೋಡಿದೆ?"

"ಇವನು ಕರೆದ." ದೊಡ್ಡೀರ ಹಕ್ಕಿ ಹೋದ ಕಡೆ ತಿರುಗಿದ. "ಅದು ಬಂತು."

"ಹಾಗೇ ಹೇಳು. ಅವರು ಕೇಳಿದ್ದೂ ಕರೆಯೋದನ್ನೇ. ಒಂದು ಮಾತೂ ಸೇರಿಸಬೇಡ."