ಮೂರನೆಯ ತಂತಿ

ಕಪಿಲೆಯ ದಡದಲ್ಲಿ ಇನ್ನಾಸಪ್ಪ ಮೇಷ್ಟ್ರ ಮನೆ. ಒಂದು ಕಾಲಕ್ಕೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ ಊರೂರನ್ನೇ ಕುಣಿಸಿದವರು. ಈಗ ಜಗಲಿಯಲ್ಲಿ ಕೂತು ಪಾಠ ಹೇಳುತ್ತಾರೆ, ಬೈಯುತ್ತಾರೆ, ಬೈದ ತಪ್ಪಿಗೆ ಕಾಫಿ ಕೊಟ್ಟು ಕಳಿಸುತ್ತಾರೆ.

ಅವರ ಶಿಷ್ಯೆ ಕುಮುದಾ ಒಂದು ದಿನ ಮುಖ ಊದಿಸಿಕೊಂಡು ಬಂದಳು.

“ನನ್ನ ಕೈಲಾಗಲ್ಲ ಮೇಷ್ಟ್ರೇ.”

“ಏನಾಯ್ತಮ್ಮ?”

ಆದದ್ದು ಇಷ್ಟು. ಅವಳ ಅಪ್ಪ ಮಾದು ತೀರಿಕೊಂಡು ವರ್ಷ ತುಂಬುತ್ತಿತ್ತು. ಮೇಷ್ಟ್ರ ತಂಡದಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ ಮನುಷ್ಯ. ಸಂಜೆ ಹೊತ್ತು ಮನೆಯಲ್ಲಿ ತನ್ನ ಪಾಡಿಗೆ ತಾನು ನುಡಿಸಿಕೊಳ್ಳುತ್ತಿದ್ದ ಒಂದು ಸ್ವಂತ ಧಾಟಿ ಅವನದಿತ್ತು. ಅದನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ದಿನಾ ಕೇಳುವುದನ್ನು ಯಾರು ತಾನೇ ಎತ್ತಿಡುತ್ತಾರೆ!

“ಅದನ್ನೊಂದು ಸಲ ಕೇಳ್ಬೇಕು ಅನ್ಸುತ್ತೆ ಕಣೇ,” ಅಂದಿದ್ದಳು ಅಮ್ಮ. ಗಂಡ ಹೋದ ಮೇಲೆ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಧಾಟಿ ಕುಮುದಾಳ ಕಿವಿಯಲ್ಲಿ ಭದ್ರವಾಗಿತ್ತು. ಕೀಬೋರ್ಡಿನಲ್ಲಿ ಗಿಟಾರಿನ ದನಿ ಆರಿಸಿ, ಅದಕ್ಕೆ ಬೇಕಾದ ಒರಟುತನವನ್ನೂ ಗುಂಯ್‌ಗುಡುವಿಕೆಯನ್ನೂ ಸೇರಿಸಿ, ಒಂದು ಸ್ವರವೂ ತಪ್ಪದಂತೆ ನುಡಿಸಿದ್ದಳು.

“ಅಮ್ಮ ಏನಂದ್ರು?”

“ಚೆನ್ನಾಗಿದೆ, ಯಾವ ಸಿನಿಮಾದ್ದು ಅಂದ್ಲು.”

ಅಷ್ಟು ಹೇಳಿ ಅತ್ತೇ ಬಿಟ್ಟಳು. ಮೇಷ್ಟ್ರು ಸಮಾಧಾನ ಮಾಡುವ ಪೈಕಿ ಅಲ್ಲ. ಅತ್ತು ಮುಗಿಯಲಿ ಅಂತ ಕಾದು, “ನುಡಿಸು,” ಅಂದರು.

ನುಡಿಸಿದಳು. ಬೆರಳುಗಳು ಕೀಲಿಮಣೆಯ ಉದ್ದಕ್ಕೂ ಸಲೀಸಾಗಿ ಓಡಾಡಿದವು. ಮೇಷ್ಟ್ರು ನಡುವೆ ಅವಳ ಕೈ ಹಿಡಿದು ನಿಲ್ಲಿಸಿದರು.

“ಈ ಸ್ವರ ಯಾವ ತಂತೀದು?”

“ಕೀಬೋರ್ಡಲ್ಲಿ ತಂತಿ ಎಲ್ಲಿದೆ ಮೇಷ್ಟ್ರೇ?”

“ಅದಕ್ಕೇ ನಿಮ್ಮಮ್ಮಂಗೆ ಗುರುತು ಸಿಗಲಿಲ್ಲ.”

ಒಳಗೆ ಹೋಗಿ, ಹಳೇ ದುಪ್ಪಟಿಯಲ್ಲಿ ಸುತ್ತಿದ್ದ ಗಿಟಾರ್ ತಂದರು. ಮಾದುವಿನದೇ. ಕಣ್ಣೆದುರು ಇದ್ದರೆ ಸಂಕಟ ಅಂತ ಅಮ್ಮನೇ ಅದನ್ನು ಇಲ್ಲಿಗೆ ಕಳಿಸಿಬಿಟ್ಟಿದ್ದಳು.

“ನಂಗೆ ಗಿಟಾರ್ ಬರಲ್ಲ,” ಅಂದಳು ಕುಮುದಾ.

“ಬರ್ಬೇಕು ಅಂತ ಯಾರು ಹೇಳಿದ್ರು? ದಿನಾ ಬಂದು ಅಪ್ಪನ ಧಾಟಿ ಇದ್ರಲ್ಲಿ ಒಂದೊಂದೇ ಸ್ವರ ಹುಡುಕು. ಅಲ್ಲೀವರ್ಗೂ ಕೀಬೋರ್ಡ್ ಮುಟ್ಟಿದ್ರೆ ನೋಡು!”

ಗಿಟಾರಿನ ಬೆನ್ನಿನ ಮೇಲೆ ಅಪ್ಪನ ಅಂಗಿಯ ಗುಂಡಿ ಉಜ್ಜಿದ ಗೀರುಗಳಿದ್ದವು. ಕುಮುದಾ ಅದರ ಮೇಲೆ ಕೈಯಾಡಿಸಿದಳು. ಚಿಕ್ಕವಳಿದ್ದಾಗ ಅವಳು ಆಂಪ್ಲಿಫೈಯರ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅಪ್ಪ ನುಡಿಸಿದ್ದು ಕಿವಿಗಿಂತ ಮೊದಲು ಬೆನ್ನಿಗೆ ಕೇಳುತ್ತಿತ್ತು. ಎಂಥ ಸಂಜೆಗಳು ಅವು!

ದಿನಾ ಬಂದಳು. ತಂತಿ ಒತ್ತಿ ಒತ್ತಿ ಬೆರಳ ತುದಿ ಕೆಂಪಾಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇಡೀ ಕೈಯೇ ಎದ್ದು ಹೋಗಬೇಕು, ಅಷ್ಟರಲ್ಲಿ ನಾದ ಕಡಿಯುತ್ತಿತ್ತು.

ಮೂರನೆಯ ತಂತಿಯಂತೂ ಶುದ್ಧ ಮೊಂಡು. ಅದನ್ನು ಬಿಗಿಯುವ ಬಿರಡೆ ಸವೆದಿತ್ತು. ಎಷ್ಟು ಬಿಗಿದರೂ ಸ್ವಲ್ಪ ಹೊತ್ತಿಗೆ ಜಾರಿ ಶ್ರುತಿ ಇಳಿಯುತ್ತಿತ್ತು. ತಂತಿಯನ್ನು ಬೆರಳಿಂದ ಪಕ್ಕಕ್ಕೆ ತಳ್ಳಿ, ಸ್ವರವನ್ನು ಕೆಳಗಿನಿಂದ ಎಳೆದು ತಂದು ಕೂರಿಸಬೇಕಾಗಿತ್ತು.

“ಈ ಬಿರಡೆ ಸರಿ ಇಲ್ಲ ಮೇಷ್ಟ್ರೇ.”

“ಹೌದಾ?” ಅಂದ ಮೇಷ್ಟ್ರು ನದಿಯ ಕಡೆ ತಿರುಗಿ ಕೂತರು.

ವರ್ಷದ ದಿನ ಹತ್ತಿರ ಬಂತು.

“ಬೆರಳು ನೋಯ್ತಿದೆಯಾ?” ಅಂತ ಕೇಳಿದರು ಮೇಷ್ಟ್ರು.

“ತುಂಬ.”

“ಹಂಗಾದ್ರೆ ಈಗ ಕೀಬೋರ್ಡ್ ನುಡಿಸು.”

ಬಲಗೈ ಸ್ವರಗಳ ಮೇಲೆ, ಎಡಗೈ ಕೀಬೋರ್ಡಿನ ಅಂಚಿನಲ್ಲಿ ಶ್ರುತಿ ಏರಿಳಿಸುವ ಪುಟ್ಟ ಗಾಲಿಯ ಮೇಲೆ. ಅಪ್ಪನ ಕೈ ಎದ್ದು ಹೋಗಬೇಕಾದ ಕಡೆಯಲ್ಲೆಲ್ಲ ಅವಳೂ ಬೆರಳೆತ್ತಿ ಕಾದಳು. ಮೂರನೆಯ ತಂತಿಯ ಸ್ವರ ಬಂದಾಗ, ಇಳಿದ ಶ್ರುತಿಯಲ್ಲೇ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು ತಂದಳು.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

ವರ್ಷದ ಕಾರ್ಯ ಮುಗಿದ ಮಾರನೇ ಬೆಳಿಗ್ಗೆ ಕುಮುದಾ ಓಡೋಡಿ ಬಂದಳು.

“ನಿನ್ನೆ ಸಂಜೆ ನುಡಿಸಿದೆ ಮೇಷ್ಟ್ರೇ. ಅಮ್ಮ ಅಡುಗೆಮನೇಲಿದ್ಲು. ಅಲ್ಲಿಂದ್ಲೇ ಕೂಗಿದ್ಲು, ‘ಆ ಬಿರಡೆ ರಿಪೇರಿ ಮಾಡಿಸ್ರೀ ಅಂತ ಎಷ್ಟು ಸಲ ಬಡ್ಕೊಳ್ಳೋದು ನಿಮ್ಗೆ!’ ಅಂತ.”

ಮೇಷ್ಟ್ರು ಕೂತಲ್ಲೇ ಮುಂದಕ್ಕೆ ಬಾಗಿದರು.

“ಆಮೇಲೆ?”

“ಆಮೇಲೆ ಬಂದು ನನ್ನ ಪಕ್ಕ ಕೂತ್ಲು. ಇನ್ನೊಂದು ಸಲ ಅಂದ್ಲು. ಇನ್ಮೇಲೆ ದಿನಾ ಸಂಜೆ ನುಡಿಸ್ಬೇಕಂತೆ.”

ಕುಮುದಾ ಕಣ್ಣೊರೆಸಿಕೊಂಡಳು. ಅವಳೊಳಗಿನ ಒಳ್ಳೆಯ ವಿದ್ಯಾರ್ಥಿನಿ ಆಗಲೇ ಎದ್ದು ಕೂತಿದ್ದಳು.

“ಅಮ್ಮಂಗೂ ಶ್ರುತಿ ಇಳಿದಿದ್ದು ಗೊತ್ತಾಯ್ತಲ್ಲ ಮೇಷ್ಟ್ರೇ. ದಿನಾ ನುಡಿಸೋದಾದ್ರೆ ಅದೊಂದನ್ನ ಸರಿ ಮಾಡ್ಕೊಂಡ್ಬಿಡ್ಲಾ?”

“ನಿಮ್ಮಪ್ಪ ಇರೋವರ್ಗೂ ಸರಿ ಮಾಡ್ಲಿಲ್ಲ,” ಅಂದರು ಮೇಷ್ಟ್ರು. “ನೀನ್ಯಾಕಮ್ಮ ಮಾಡ್ತೀಯ?”