ಇನ್ನೊಂದು ಕೆನ್ನೆ

ಬಚ್ಚಲಮನೆಯ ಕನ್ನಡಿಯ ಮೇಲೆ ಬಸವನಹುಳುವೊಂದು ಲೋಳೆಯ ಗೆರೆ ಎಳೆಯುತ್ತ ಹತ್ತಿತು.

“ಬೇಗ ಇಳಿ. ಲೋಳೆ ಕಂಡರೆ ಒಡತಿಗೆ ಹೇಸಿಗೆ, ಉಪ್ಪು ಸುರಿದುಬಿಡುತ್ತಾಳೆ,” ಎಂದಿತು ಕನ್ನಡಿ.

ಅಷ್ಟರಲ್ಲಿ ಒಡತಿ ಮಂದಾಕಿನಿ ಬಂದು, ಡಬ್ಬಿ ತೆರೆದು, ಒಂದು ಕೆನ್ನೆಗೆ ಕ್ರೀಮು ಹಚ್ಚಿಕೊಂಡಳು. ಡಬ್ಬಿಯ ಮೇಲೆ ತನ್ನದೇ ಚಿತ್ರ ಕಂಡು ಹುಳು ಬೆಚ್ಚಿಬಿದ್ದಿತು.

“ಅದರೊಳಗೆ ಏನಿದೆ?”

“ನಿನ್ನ ಕುಲದವರ ಲೋಳೆ. ಮುಖ ಹೊಳೆಯುತ್ತದಂತೆ.”

“ಹಾಗಿದ್ದರೆ ನಾನೇಕೆ ಇಳಿಯಲಿ? ನೆಂಟರ ಮನೆಗೇ ಬಂದಿದ್ದೇನೆ,” ಎಂದು ಹುಳು ಅವಳ ಮುಖದ ನೇರಕ್ಕೆ ಹತ್ತಿತು.

ಮಂದಾಕಿನಿ ಕಿರುಚಿ ಅಡುಗೆಮನೆಗೆ ಓಡಿದಳು, ಹಿಡಿ ಉಪ್ಪು ತಂದು ಎರಚಿದಳು. ಹುಳು ನೊರೆಗಟ್ಟಿ ಕೆಳಗೆ ಬಿತ್ತು. ಕನ್ನಡಿ ಒರೆಸುವಾಗ ಲೋಳೆ ತಾಗಿದ ಬೆರಳನ್ನು ಅವಳು ಮೂರು ಸಲ ಸೋಪು ಹಾಕಿ ತೊಳೆದಳು. ಆಮೇಲೆ ಅದೇ ಬೆರಳನ್ನು ಡಬ್ಬಿಯೊಳಗೆ ಅದ್ದಿ, ಇನ್ನೊಂದು ಕೆನ್ನೆಗೆ ಹಚ್ಚಿಕೊಂಡಳು.