ಯಜಮಾನರ ಗುಹೆಗೂ ಒಂದೆಳೆ ನೂಲು

ಮಕ್ಕಳೇ, ಒಂದು ದೊಡ್ಡ ಬಿದಿರು ಕಾಡು. ಅದರ ನಡುವೆ ಒಂದು ಕೆರೆ. ಕೆರೆಯ ದಂಡೆಯಲ್ಲಿದ್ದ ಹೊಂಗೆ ಮರದ ಮೇಲೆ ಗೆರೆಯಕ್ಕ ಎಂಬ ಅಳಿಲು ತನ್ನ ಮರಿಗಳೊಡನೆ ವಾಸವಾಗಿದ್ದಳು. ಅದೇ ಮರದ ಬುಡದ ಬಿಲದಲ್ಲಿ ಚಿಪ್ಪಣ್ಣ ಎಂಬ ಚಿಪ್ಪುಹಂದಿ ಇದ್ದ. ಅವನ ಊಟವೆಂದರೆ ಇರುವೆ. ಹಾಗಾಗಿ ಆ ಮರಕ್ಕೆ ಇರುವೆಗಳ ಕಾಟವೇ ಇರಲಿಲ್ಲ.

ಕಾಡಿನ ಯಜಮಾನ ಗುಡ್ಡಪ್ಪ ಎಂಬ ಕರಡಿ. ಕೆಟ್ಟವನೇನಲ್ಲ. ಆದರೆ ಯಾರಾದರೂ ಇಬ್ಬರು ಸೇರಿ ಮಾತಾಡಿದರೆ ಸಾಕು, ‘ನನ್ನ ಮೇಲೇ ಏನೋ ಸಂಚು ಹೂಡುತ್ತಿದ್ದಾರೆ’ ಎಂದು ಅವನಿಗೆ ಅನುಮಾನ ಶುರುವಾಗುತ್ತಿತ್ತು.

ಒಂದು ದಿನ ಚಿರತೆ ಬಂದು ಜಿಂಕೆಮರಿಯೊಂದನ್ನು ಹೊತ್ತೊಯ್ದಿತು. ಕಾಡಿಗೆ ಕಾಡೇ ನಡುಗಿತು. ಆಗ ನೂಲವ್ವ ಎಂಬ ಜೇಡ ಮುಂದೆ ಬಂದಳು.

“ನನ್ನ ನೂಲಿನ ಆ ತುದಿ ಅಲುಗಿದರೆ ಈ ತುದಿಯಲ್ಲಿ ಕೂತ ನನ್ನ ಕಾಲಿಗೆ ಗೊತ್ತಾಗುತ್ತೆ. ಚಿರತೆ ಬರೋ ದಾರಿಗೆಲ್ಲ ನೂಲು ಕಟ್ಟಲೇ?”

ಎಲ್ಲರೂ ಕುಣಿದಾಡಿದರು. ಗೆರೆಯಕ್ಕನೂ ಕುಣಿದಳು. ಮುಂದಿನ ಸಲ ಚಿರತೆ ಕಾಲಿಟ್ಟ ಕೂಡಲೇ ನೂಲು ಅಲುಗಿತು. ದಾಡೆಪ್ಪನೆಂಬ ಕಾಡುಹಂದಿ ತನ್ನ ಪಡೆಯೊಂದಿಗೆ ನುಗ್ಗಿದ. ಚಿರತೆ ಬಾಲ ಮುದುರಿಕೊಂಡು ಓಡಿತು.

ಗುಡ್ಡಪ್ಪನಿಗೆ ನೂಲಿನ ರುಚಿ ಹತ್ತಿತು.

“ಚಿರತೆ ಹೊರಗಿನ ಶತ್ರು. ಒಳಗಿನವರ ಮೇಲೆ ಕಣ್ಣಿಡೋದು ಬೇಡವೇ?” ಎಂದ. “ಎಲ್ಲರ ಕ್ಷೇಮಕ್ಕಾಗಿ ಮನೆಮನೆಗೂ ಒಂದೊಂದು ನೂಲು ಕಟ್ಟು!”

ಮೊಲದ ಪೊದೆ, ಮೈನಾ ಗೂಡು, ಮುಳ್ಳುಹಂದಿಯ ಬಿಲ, ಹೊಂಗೆ ಮರ, ಎಲ್ಲ ಕಡೆಗೂ ನೂಲು ಹೋಯಿತು. ಒಂದು ಎಳೆ ಅಲುಗಿದರೂ ದಾಡೆಪ್ಪ ಗುಹೆಗೆ ಓಡಿಬಂದು ವರದಿ ಒಪ್ಪಿಸುತ್ತಿದ್ದ. ಮಧ್ಯಾಹ್ನದ ನಿದ್ದೆ ಕೆಟ್ಟು ಗುಡ್ಡಪ್ಪನಿಗೆ ರೇಗಿಹೋಯಿತು.

“ಪ್ರತಿಯೊಂದಕ್ಕೂ ನನ್ನನ್ನು ಎಬ್ಬಿಸಬೇಡಿ. ನೂಲು ಅಲುಗಿತು ಅಂದರೆ ಅಲ್ಲಿ ತಪ್ಪು ನಡೆದಿದೆ ಅಂತಲೇ ಅರ್ಥ. ನೂಲವ್ವ ಹೇಳಲಿ, ನೀವು ನುಗ್ಗಿ. ಯಾರು, ಏನು, ಯಾಕೆ ಅಂತ ಕೇಳುತ್ತಾ ನಿಲ್ಲಬೇಡಿ. ಮೊದಲು ತಿವಿಯಿರಿ, ಆಮೇಲೆ ಮುಳ್ಳುಬೇಲಿಯ ದೊಡ್ಡಿಗೆ ಎಳೆದು ಹಾಕಿ!”

ಯೋಚಿಸುವ ಕೆಲಸ ತಪ್ಪಿತೆಂದು ಹಂದಿಗಳಿಗೆ ಬಹಳ ಖುಷಿಯಾಯಿತು.

ಮರುದಿನವೇ ಚಿಪ್ಪಣ್ಣ ಮರಕ್ಕೆ ಬೆನ್ನು ಉಜ್ಜಿಕೊಂಡ. ನೂಲು ಅಲುಗಿತು. ಹಂದಿಗಳು ಬಂದು ಅವನನ್ನು ಉರುಳಾಡಿಸಿದವು.

“ಬೆನ್ನು ತುರಿಸಿತು ಕಣ್ರೋ!”

“ಅದೆಲ್ಲ ನಮಗೆ ಗೊತ್ತಿಲ್ಲ. ನೂಲು ಅಲುಗಿದೆ!” ಎಂದು ದಾಡೆಪ್ಪ ಅವನನ್ನು ದೊಡ್ಡಿಗೆ ಎಳೆದೊಯ್ದ.

ಚಿಪ್ಪಣ್ಣ ಇಲ್ಲದ ಮರಕ್ಕೆ ಕೆಂಜಿರುವೆಗಳು ಸಾಲುಗಟ್ಟಿ ಹತ್ತಿದವು. ಗೆರೆಯಕ್ಕನ ಮರಿಗಳ ಎಳೆ ಮೈಯೆಲ್ಲ ದದ್ದು ದದ್ದಾಯಿತು. ಅವುಗಳ ಅಳು ಕೇಳಲಾರದೆ ಅವಳು ಯಜಮಾನನ ಬಳಿಗೆ ಓಡಿದಳು.

“ಚಿಪ್ಪಣ್ಣ ಬರೀ ಬೆನ್ನು ಉಜ್ಜಿಕೊಂಡ, ಯಜಮಾನರೇ. ನಾನೇ ಕಣ್ಣಾರೆ ಕಂಡಿದ್ದೇನೆ.”

“ನಿನ್ನ ಕಣ್ಣು ಸುಳ್ಳು ಹೇಳಬಹುದು,” ಎಂದ ಗುಡ್ಡಪ್ಪ. “ಸುಳ್ಳು ಹೇಳೋಕೆ ನೂಲಿಗೆ ಬಾಯಿ ಇದೆಯೇ? ನಡಿ ನಡಿ!”

ಗೆರೆಯಕ್ಕ ಸಪ್ಪೆ ಮುಖ ಹಾಕಿಕೊಂಡು ಹೊರಟಳು. ಅವಳು ಕೆರೆ ಮುಟ್ಟುವ ಮೊದಲೇ ಹಿಂದಿನಿಂದ ಗುಡ್ಡಪ್ಪನ ಗೊರಕೆ ಕೇಳಿಸಿತು. ಏನು ಗೊರಕೆ ಅಂತೀರಿ! ಬಿದಿರಿನ ಎಲೆಗಳು ಪಟಪಟ ಉದುರಿದವು. ಗೆರೆಯಕ್ಕ ಗಕ್ಕನೆ ನಿಂತಳು. ಬಾಲ ನಿಮಿರಿತು. ಮುಖದ ಮೇಲೆ ತುಂಟ ನಗು ಮೂಡಿತು.

ಮಾರನೆಯ ಬೆಳಗ್ಗೆ ಸಭೆಯಲ್ಲಿ ಅವಳು ಎದ್ದು ನಿಂತು ಕೈ ಮುಗಿದಳು.

“ಯಜಮಾನರೇ, ನಮ್ಮಂಥ ಚಿಲ್ಲರೆ ಪ್ರಾಣಿಗಳ ಗೂಡಿಗೂ ನೂಲಿದೆ. ಕಾಡಿಗೇ ದೊಡ್ಡವರಾದ ನಿಮ್ಮ ಗುಹೆಗೇ ಇಲ್ಲವಲ್ಲ! ಯಾವನಾದರೂ ದುಷ್ಟ ಒಳಗೆ ನುಗ್ಗಿದರೆ ನಮ್ಮ ಗತಿ ಏನು?”

ಗುಡ್ಡಪ್ಪ ಉಬ್ಬಿಹೋದ. “ನೋಡಿ, ಎಂಥ ಕಾಳಜಿ! ನೂಲವ್ವಾ, ನನ್ನ ಗುಹೆಗೆ ಎಲ್ಲಕ್ಕಿಂತ ದಪ್ಪನೆಯ ನೂಲು ಕಟ್ಟು!”

ಅಂದು ಮಧ್ಯಾಹ್ನ ಗುಡ್ಡಪ್ಪ ಹೊಟ್ಟೆ ತುಂಬ ಜೇನು ಕುಡಿದು ಮಲಗಿದ. ಗೊರ್‌ರ್‌ರ್! ಅತ್ತ ನೂಲವ್ವ ತನ್ನ ಬಲೆಯಿಂದ ಎಗರಿಬಿದ್ದಳು.

“ಅಯ್ಯಯ್ಯೋ! ಬಂಡೆಯ ಕಡೆ ಭಾರೀ ದಂಗೆ!”

“ಅಲ್ಲಿರೋದು ಯಜಮಾನರ ಗುಹೆ ಅಲ್ವಾ?” ಎಂದು ಒಂದು ಹಂದಿ ಹಿಂಜರಿಯಿತು.

“ಕೇಳುತ್ತಾ ನಿಲ್ಲಬೇಡಿ ಅಂತ ಅವರೇ ಹೇಳಿಲ್ವಾ? ನುಗ್ಗಿ!” ಎಂದ ದಾಡೆಪ್ಪ.

ಕತ್ತಲ ಗುಹೆಯೊಳಗೆ ಹಂದಿಗಳು ಒಟ್ಟಿಗೇ ನುಗ್ಗಿದವು. ದಡಬಡ, ದಡಬಡ!

“ಅಯ್ಯೋ, ಸತ್ತೆ! ನಾನು ಕಣ್ರೋ, ಗುಡ್ಡಪ್ಪ!”

“ಸಿಕ್ಕಿಬಿದ್ದವರೆಲ್ಲ ಹೀಗೇ ಏನಾದರೂ ಹೇಳ್ತಾರೆ. ಇನ್ನೆರಡು ತಿವಿಯಿರೋ!”

ಹೊರಗೆ ಬಿಸಿಲಿಗೆ ಎಳೆದು ತಂದಾಗ ದಾಡೆಪ್ಪ ತಲೆ ಕೆರೆದುಕೊಂಡ. “ಮುಖವೇನೋ ಯಜಮಾನರದೇ. ಆದರೆ ನೂಲು ಅಲುಗಿದೆಯಲ್ಲ!” ಎಂದು ಅವನನ್ನೂ ದೊಡ್ಡಿಗೆ ನೂಕಿದ.

ಸುರುಳಿ ಸುತ್ತಿ ಮಲಗಿದ್ದ ಚಿಪ್ಪಣ್ಣ ತಲೆಯೆತ್ತಿದ. “ನೀವೇನು ತಪ್ಪು ಮಾಡಿದ್ರಿ, ಯಜಮಾನರೇ?”

“ಏನೂ ಇಲ್ಲ ಮಾರಾಯಾ. ಮಲಗಿದ್ದೆ.”

ಗೆರೆಯಕ್ಕ ಬೇಲಿಯ ಮೇಲೆ ಬಂದು ಕೂತಳು. “ನೀವು ಮಲಗಿದ್ದನ್ನು ನಾನು ಕಣ್ಣಾರೆ ಕಂಡೆ. ಹೇಳಲೇ? ಆದರೆ ನನ್ನ ಕಣ್ಣು ಸುಳ್ಳು ಹೇಳಬಹುದಲ್ಲ!”

“ಹೇಳು ತಾಯಿ, ಹೇಳು!” ಎಂದು ಗುಡ್ಡಪ್ಪ ಗೋಗರೆದ.

ಅವಳು ನೂಲವ್ವನನ್ನು ಕರೆಸಿ ಎಲ್ಲರ ಮುಂದೆ ಕೇಳಿದಳು. “ಗುಹೆಯಲ್ಲಿ ಏನು ನಡೆಯಿತು ಅಂತ ನಿನ್ನ ನೂಲು ಹೇಳಿತೇ?”

“ಅಲುಗಿತು ಅಂತಷ್ಟೇ ನನಗೆ ಗೊತ್ತಾಗುತ್ತೆ,” ಎಂದಳು ನೂಲವ್ವ. “ಯಾಕೆ ಅಲುಗಿತು ಅಂತ ಹೋಗಿ ನೋಡಬೇಕಾದವರು ನೀವು. ಯಾರೂ ನೋಡಲಿಲ್ಲ.”

ದಾಡೆಪ್ಪ ನಾಚಿ ತಲೆ ತಗ್ಗಿಸಿದ. ದೊಡ್ಡಿಯ ಬಾಗಿಲು ತೆರೆಯಿತು. ಚಿಪ್ಪಣ್ಣ ನೇರ ಹೊಂಗೆ ಮರಕ್ಕೆ ಓಡಿ ಕೆಂಜಿರುವೆಗಳನ್ನು ನೆಕ್ಕಿ ಮುಗಿಸಿದ. ಗೆರೆಯಕ್ಕನ ಮರಿಗಳು ಅಂದು ಅಳದೆ ಮಲಗಿದವು. ಮನೆಮನೆಯ ನೂಲನ್ನು ಗುಡ್ಡಪ್ಪ ತಾನೇ ಕಿತ್ತುಹಾಕಿದ. ಚಿರತೆಯ ದಾರಿಯ ನೂಲು ಮಾತ್ರ ಉಳಿಯಿತು.

ಕೆಲವು ದಿನಗಳ ಮೇಲೆ ಆ ನೂಲು ಅಲುಗಿತು. ಹಂದಿಗಳು ಗೊರಸು ಕೆರೆದು ಸಜ್ಜಾದವು. “ತಡೀರಿ, ನಾನು ನೋಡಿ ಬರ್ತೇನೆ,” ಎಂದು ಗುಡ್ಡಪ್ಪ ಕುಂಟುತ್ತಾ ಹೋದ. ಅಲ್ಲಿ ಮೊಲದ ಮರಿಗಳು ಜೂಟಾಟ ಆಡುತ್ತಿದ್ದವು.

“ಸ್ವಲ್ಪ ಆಚೆ ಆಡ್ಕೊಳ್ರಪ್ಪಾ,” ಎಂದು ಹೇಳಿ, ಸೊಂಟ ಹಿಡಿದುಕೊಂಡು ವಾಪಸ್ಸು ಬಂದ.

ನೀತಿ: ಉಪಕರಣ ಸುದ್ದಿ ಕೊಡಬಹುದು, ನ್ಯಾಯ ಹೇಳಲಾರದು; ನೋಡದೆ, ಕೇಳದೆ ದಂಡಿಸುವ ಅಧಿಕಾರವನ್ನು ಅದಕ್ಕೆ ಒಪ್ಪಿಸಿದರೆ ಒಪ್ಪಿಸಿದವರಿಗೂ ರಕ್ಷಣೆಯಿಲ್ಲ.